ಎಚ್‌ಐವಿ ಪರೀಕ್ಷೆಯ ಒಂದು ಅಂಕಿಯನ್ನು ಓದುವ ಬಗೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವೇದಿಕೆಯ ಮೇಲೆ ಕನ್ನಡ ಪಂಡಿತರಾದವರು ಕಾವ್ಯವನ್ನೋ ಶಾಸನವನ್ನೋ ಕುರಿತು ಮಾತನಾಡುವುದು ವಾಡಿಕೆ. ನಾವು ಈ ದಿನ ಎಚ್‌ಐವಿ ಸೋಂಕಿಗೆ ಸಂಬಂಧಿಸಿದ ಒಂದು ರಕ್ತಪರೀಕ್ಷೆಯನ್ನು ವಿಷಯವಾಗಿ ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣವೂ ಭಾಷೆಯೇ. 1953ನೆಯ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ವಿಭಾಗವಾದಾಗ ರಾಯದುರ್ಗವು ಆಂಧ್ರದ ಪಾಲಾಯಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರೆಯು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆಗಳು ಬದಲಾದರೂ ನಮ್ಮ ಮನೆಗಳ ಒಳಮಾತು ಕನ್ನಡವಾಗಿಯೇ ಉಳಿದಿದೆ. ಆಸ್ಪತ್ರೆಯಲ್ಲಾದರೋ ವಿವರಣೆಯು ತೆಲುಗಿನಲ್ಲಿ, ಕೈಗೆ ಬರುವ ಕಾಗದವು ಇಂಗ್ಲಿಷಿನಲ್ಲಿ. ಈ ಮೂರು ಭಾಷೆಗಳ ನಡುವೆ ಅರ್ಥವು ಜಾರಿಬಿದ್ದರೆ ಬೇರೆಡೆ ನಗೆಯ ಮಾತಾಗಬಹುದು. ಇಲ್ಲಿ ಅದು ಪ್ರಾಣದ ಮಾತು.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಅಂದಿನ ಮದರಾಸಿನಲ್ಲಿ. 2004ರ ಏಪ್ರಿಲ್ 1ರಿಂದ ಸರಕಾರವು ಉಚಿತ ಔಷಧವನ್ನು ಕೊಡಲು ಆರಂಭಿಸಿತು. 2017ರಿಂದ, ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ಔಷಧವನ್ನು ಕೊಡುವ ನೀತಿಯು ಜಾರಿಗೆ ಬಂದಿತು. ಇಂದು ಬಹುಮಂದಿಗೆ ದಿನಕ್ಕೆ ಒಂದೇ ಮಾತ್ರೆ ಸಾಕಾಗಿದೆ. ಆ ಮಾತ್ರೆಯು ತನ್ನ ಕಾರ್ಯವನ್ನು ಮಾಡುತ್ತಿದೆಯೇ ಎಂಬುದನ್ನು ಮುಖದ ಕಳೆಯಿಂದಾಗಲಿ ಮೈಯ ತೂಕದಿಂದಾಗಲಿ ನಿಶ್ಚಯಿಸಲಾಗದು. ಅದನ್ನು ಹೇಳತಕ್ಕದ್ದು ವೈರಲ್ ಲೋಡ್ ಪರೀಕ್ಷೆ.

ಲೋಡು ಎಂದೊಡನೆ ನಮಗೆ ಲಾರಿಯ ಹೊರೆಯೇ ನೆನಪಾಗುವುದು. ಇಲ್ಲಿಯೂ ಅರ್ಥ ಹೆಚ್ಚು ದೂರವಿಲ್ಲ. ರಕ್ತದ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿದ್ರವದ ಒಂದು ಮಿಲಿಲೀಟರಿನಲ್ಲಿ ಎಷ್ಟು ವೈರಾಣು ಪ್ರತಿಗಳಿವೆ ಎಂಬ ಎಣಿಕೆಯೇ ವೈರಲ್ ಲೋಡ್. ಚಿಕಿತ್ಸೆ ಆರಂಭವಾದ 6 ತಿಂಗಳಿಗೆ, ಬಳಿಕ 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಇದನ್ನು ಮಾಡುವುದು ಕ್ರಮ.

ಓದುವಾಗ ಮೊದಲು ಗಮನಿಸಬೇಕಾದುದು ಅಂಕಿಯ ದಿಕ್ಕು. ಶಾಲೆಯ ಅಂಕಪಟ್ಟಿಯನ್ನು ನೋಡಿ ಅಭ್ಯಾಸವಾದ ನಮಗೆ ಅಂಕಿಯು ಹೆಚ್ಚಿದಷ್ಟೂ ಸಂತೋಷ. ಸಿಡಿ4 ಎಂಬ ಇನ್ನೊಂದು ಪರೀಕ್ಷೆಯಲ್ಲಿ ಅದು ಸರಿಯೇ. ಅದು ಮೈಯನ್ನು ಕಾಯುವ ರಕ್ಷಕ ಕಣಗಳ ಎಣಿಕೆ. ವೈರಲ್ ಲೋಡ್ ಶತ್ರುವಿನ ಎಣಿಕೆಯಾದುದರಿಂದ ಇಳಿದಷ್ಟೂ ಒಳಿತು. ಎರಡು ಕಾಗದಗಳನ್ನು ಅದಲುಬದಲಾಗಿ ಓದಿದರೆ ದುಃಖಿಸಬೇಕಾದಲ್ಲಿ ನಕ್ಕು, ನಗಬೇಕಾದಲ್ಲಿ ಅಳುವಂತಾಗುವುದು.

ಎರಡನೆಯದು ಅಂಕಿಯ ಅಳತೆ. ಇಲ್ಲಿ ಏರಿಳಿತವನ್ನು ಹತ್ತರಷ್ಟು, ನೂರರಷ್ಟು ಎಂದು ತೂಗುತ್ತಾರೆಯೇ ಹೊರತು ಒಂದೆರಡು ಎಂದು ಕೂಡಿಸಿ ಕಳೆಯುವುದಿಲ್ಲ. ಲಕ್ಷವಿದ್ದುದು ಸಾವಿರಕ್ಕೆ ಇಳಿದರೆ ಅದು ದೊಡ್ಡ ಇಳಿತ. ಕಳೆದ ವರ್ಷ ಕಾಣದಿದ್ದುದು ಈ ವರ್ಷ 60 ಎಂದು ಬಂದರೆ, ಅಷ್ಟರಿಂದಲೇ ಔಷಧವು ಸೋತಿತೆಂದು ಎದೆಗುಂದಬೇಕಾಗಿಲ್ಲ. ಅಂಥ ಸಣ್ಣ ಅಲೆ ಎದ್ದು ತಾನೇ ಅಡಗುವುದುಂಟು. ಆದರೂ ವೈದ್ಯರಿಗೆ ತೋರಿಸತಕ್ಕದ್ದು.

ಮೂರನೆಯದೇ ಬಹಳ ಮುಖ್ಯವಾದುದು. ಕಾಗದದಲ್ಲಿ 'ಟಾರ್ಗೆಟ್ ನಾಟ್ ಡಿಟೆಕ್ಟೆಡ್' ಎಂದೋ, ಬಲಕ್ಕೆ ಬಾಯ್ದೆರೆದ ಗುರುತಿನ ಮುಂದೆ 20 ಅಥವಾ 40 ಎಂದೋ ಬರೆದಿರುತ್ತದೆ. ಮೊದಲನೆಯದರ ಅರ್ಥ, ಯಂತ್ರಕ್ಕೆ ವೈರಾಣು ಕಾಣಿಸಲಿಲ್ಲವೆಂದು. ಎರಡನೆಯದರ ಅರ್ಥ, ಯಂತ್ರವು ಖಚಿತವಾಗಿ ಎಣಿಸಬಲ್ಲ ಮಿತಿಗಿಂತ ಕಡಿಮೆ ಇದೆಯೆಂದು. ಇದನ್ನೇ ತೆಲುಗಿನಲ್ಲಿ 'ಕನಪಡಲೇದು' ಎನ್ನುತ್ತಾರೆ. ಆತುರದ ಕಿವಿಗೆ ಕೊನೆಯ 'ಲೇದು' ಮಾತ್ರ ಕೇಳಿಸುತ್ತದೆ. ಮನೆಗೆ ಬರುವಷ್ಟರಲ್ಲಿ ಅದು ಕನ್ನಡದ 'ಇಲ್ಲ' ಆಗಿಬಿಡುತ್ತದೆ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ನಮ್ಮ ಬೆದ್ದಲು ಹೊಲದ ಗರಿಕೆಯನ್ನು ನೆನೆಯಿರಿ. ಬೇಸಿಗೆಯಲ್ಲಿ ಹೊಲವೆಲ್ಲ ಬರಿದಾಗಿ ಕಂಡರೂ ಬೇರು ನೆಲದೊಳಗಿರುತ್ತದೆ. ಮೊದಲ ಮಳೆಗೆ ಚಿಗುರುತ್ತದೆ. ಈ ವೈರಾಣುವೂ ಮೈಯ ಕೆಲವು ಕಣಗಳಲ್ಲಿ ಅಡಗಿ ಮಲಗಿರುತ್ತದೆ. ಮಾತ್ರೆಯನ್ನು ನಿಲ್ಲಿಸಿದರೆ ಬಹುಮಂದಿಯಲ್ಲಿ ಕೆಲವೇ ವಾರಗಳೊಳಗೆ ಮತ್ತೆ ಏಳುತ್ತದೆ. ಆದುದರಿಂದ 'ಕಾಣಿಸಲಿಲ್ಲ' ಎಂಬ ಫಲಿತಾಂಶದ ಸರಿಯಾದ ಅರ್ಥವಿಷ್ಟು: ಮಾತ್ರೆಯು ಗೆಲ್ಲುತ್ತಿದೆ, ಇಂದಿನ ಮಾತ್ರೆಯನ್ನೂ ತಪ್ಪಿಸಬೇಡಿ.

ಆ ಗೆಲುವು ಸಣ್ಣದಲ್ಲ. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 1763 ಜೋಡಿಗಳನ್ನು ಒಂಬತ್ತು ದೇಶಗಳಲ್ಲಿ ಅನುಸರಿಸಿದ ಒಂದು ದೊಡ್ಡ ಅಧ್ಯಯನದಲ್ಲಿ ನಮ್ಮ ಚೆನ್ನೈ, ಪುಣೆಗಳೂ ಸೇರಿದ್ದವು. ಬೇಗನೆ ಔಷಧ ಆರಂಭಿಸಿದಲ್ಲಿ ಸಂಗಾತಿಗೆ ಸೋಂಕು ಹರಡುವುದು 96 ಪ್ರತಿಶತ ಕುಗ್ಗಿತೆಂದು 2011ರಲ್ಲಿ ಪ್ರಕಟವಾಯಿತು. ವೈರಾಣು ಕಾಣದ ಸ್ಥಿತಿಯಲ್ಲಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ತಗಲುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟವಾಗಿ ಸಾರಿದೆ. ರಕ್ತದಾನಕ್ಕೆ ಮಾತ್ರ ಈ ಮಾತು ಅನ್ವಯಿಸದು. ಗರ್ಭಿಣಿಯರಿಗೆ 32ರಿಂದ 36ನೆಯ ವಾರದೊಳಗೆ ಈ ಪರೀಕ್ಷೆ ನಡೆಯುತ್ತದೆ. ಹುಟ್ಟುವ ಮಗುವಿಗೆ ಯಾವ ರಕ್ಷಣೌಷಧ ಬೇಕೆಂಬುದನ್ನು ಆ ಅಂಕಿಯನ್ನು ನೋಡಿಯೇ ವೈದ್ಯರು ನಿಶ್ಚಯಿಸುತ್ತಾರೆ.

ಇನ್ನು ಅಂಕಿಯು 1000 ಅಥವಾ ಅದಕ್ಕಿಂತ ಹೆಚ್ಚಾಗಿ ಬಂದರೆ? ಇದು ಪರೀಕ್ಷೆಯಲ್ಲಿ ನಪಾಸಾದಂತೆ ಎಂದು ತಿಳಿದು ಮನೆಯವರು ಗದರುವುದುಂಟು. ಈ ಅಂಕಿಯು ವ್ಯಕ್ತಿಯ ನಡತೆಯನ್ನು ಅಳೆಯತಕ್ಕದ್ದಲ್ಲ. ಮೊದಲು ಆಪ್ತಸಮಾಲೋಚಕರು ಕಾರಣವನ್ನು ಕೇಳುತ್ತಾರೆ. ಸುಮಾರು ಮೂರು ತಿಂಗಳು ಕ್ರಮವಾಗಿ ಮಾತ್ರೆ ನುಂಗಿದ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಕೂಲಿಗೆ ಹೋದವರಿಗೆ ಮಾತ್ರೆ ಮುಗಿದಿರಬಹುದು. ನೆಂಟರೆದುರು ಡಬ್ಬಿ ತೆರೆಯಲು ಸೊಸೆಯು ಅಂಜಿರಬಹುದು. ಹೊಟ್ಟೆಯುರಿಯ ಔಷಧ, ಕಬ್ಬಿಣದ ಅಥವಾ ಕ್ಯಾಲ್ಸಿಯಂ ಮಾತ್ರೆಗಳನ್ನು ಅದೇ ಹೊತ್ತಿನಲ್ಲಿ ನುಂಗಿದ್ದರೆ ಕೆಲವು ಎಚ್‌ಐವಿ ಮಾತ್ರೆಗಳ ಬಲ ಕುಗ್ಗುವುದೂ ಉಂಟು. ಎಲ್ಲ ಸರಿಯಿದ್ದೂ ವೈರಾಣುವು ಔಷಧಕ್ಕೆ ಮಣಿಯದಂತೆ ಮಾರ್ಪಟ್ಟಿದ್ದರೆ ವೈದ್ಯರು ಬೇರೆ ಔಷಧವನ್ನು ಕೊಡುತ್ತಾರೆ. ನಿಜವನ್ನು ಹೇಳಿದವರಿಗೆ ದಾರಿ ಬೇಗ ಸಿಗುತ್ತದೆ. ಬೈಗುಳಕ್ಕೆ ಹೆದರಿದವರು ನಿಜ ಹೇಳುವುದಿಲ್ಲ. ಆದುದರಿಂದ ಮನೆಯ ಹಿರಿಯರು ಕೇಳಬೇಕಾದ ಪ್ರಶ್ನೆಯು "ಏಕೆ ತಪ್ಪಿಸಿದೆ?" ಎಂದಲ್ಲ, "ಯಾವುದು ಅಡ್ಡಬಂತಮ್ಮ?" ಎಂದು.

ಕೊನೆಯದಾಗಿ ಒಂದು ಎಚ್ಚರಿಕೆ. ಇಂಗ್ಲಿಷ್ ಬಲ್ಲವರ ಬಳಿಗೆ ಕಾಗದ ತಂದು ಓದಿಸಿಕೊಳ್ಳುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಹಾಗೆ ಓದಿದವರು ಅಲ್ಲಿಗೇ ಮರೆಯಬೇಕು. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಕಾಯಿದೆಯು ಸೋಂಕಿತರ ಗುಟ್ಟನ್ನು ಕಾಪಾಡುತ್ತದೆ. ಶಾಲೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಭೇದ ಮಾಡುವುದನ್ನು ನಿಷೇಧಿಸುತ್ತದೆ. ಸಂದೇಹವಿದ್ದವರು 1097 ಎಂಬ ಉಚಿತ ದೂರವಾಣಿಗೆ ಕರೆಮಾಡಿ ಕೇಳಬಹುದು. ಆಸ್ಪತ್ರೆಯಲ್ಲಿಯೂ, "ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಎನ್ನಲು ಯಾರೂ ನಾಚಬೇಕಾಗಿಲ್ಲ.

ಕನ್ನಡವನ್ನು ಉಳಿಸಬೇಕೆಂದು ನಾವು ವರ್ಷವರ್ಷವೂ ಈ ಸಭೆಯಲ್ಲಿ ಹೇಳುತ್ತೇವೆ. ಜೀವ ಉಳಿಸುವ ಮಾತನ್ನು ಕನ್ನಡದಲ್ಲಿ ತಪ್ಪಿಲ್ಲದೆ ತಿಳಿಸುವುದೂ ಆ ಸೇವೆಯ ಒಂದು ಭಾಗವೆಂದು ಭಾವಿಸಿ ಇಷ್ಟನ್ನು ಅರಿಕೆ ಮಾಡಿಕೊಂಡಿದ್ದೇವೆ.