ಬಾಳಿನ ಯಾವ ಮಾತನ್ನು ಬರೆಯಬೇಕು?
(ಮಡಿಕೇರಿಯಲ್ಲಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಮಿಲ್ಲಿನಲ್ಲಿ ದುಡಿಯುವವರಿಗೂ ಅಂಗಡಿ ಇಟ್ಟವರಿಗೂ ಪ್ರಬಂಧದ ಗೊಡವೆಯೇಕೆ ಎಂದು ತಾವು ಕೇಳಬಹುದು. ಮಗು ಡಾಕ್ಟರಾಗಬೇಕೆಂಬ ಆಸೆ ತೋಟದ ಲೈನುಮನೆಯಲ್ಲೂ ಇದೆ, ಸಂತೆಯ ಅಂಗಡಿಯಲ್ಲೂ ಇದೆ. ಅದಕ್ಕಾಗಿ ಈ ಮಾತು.

ಸೀಟು ಕೊಡುವಾಗ ಹಿನ್ನೆಲೆಯನ್ನು ನೋಡಬೇಕೇ ಎಂಬುದು ಹಳೆಯ ವಾದ. 1962ರಲ್ಲಿ ಮೈಸೂರು ಸರ್ಕಾರ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ 68 ಸೀಟುಗಳನ್ನು ಕಾದಿರಿಸಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಮಾಡಿ, ಇಂಥ ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆ ಇರಬೇಕೆಂದಿತು. ಈಗ ಮಡಿಕೇರಿಯಲ್ಲೇ, 2016ರಿಂದ, ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಸೇರಲು ನೀಟ್ ಪರೀಕ್ಷೆಯ ಅಂಕ ಬೇಕು. ಹಿನ್ನೆಲೆಗೆ ಜಾತಿ, ಆದಾಯ, ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿವೆ. ಪ್ರಬಂಧವನ್ನು ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ದಾರಿ ಬೇರೆ. ಅಲ್ಲಿನ ಡೇವಿಸ್ ವೈದ್ಯಕೀಯ ಕಾಲೇಜು ನೂರರಲ್ಲಿ 16 ಸೀಟು ಕಾದಿರಿಸಿದ್ದನ್ನು ಅವರ ಸುಪ್ರೀಂ ಕೋರ್ಟು 1978ರಲ್ಲಿ ತಳ್ಳಿಹಾಕಿತು. ಆದರೆ ವಿದ್ಯಾರ್ಥಿಗಳಲ್ಲಿ ವೈವಿಧ್ಯ ಇರಲೆಂದು ವರ್ಣವನ್ನೂ ಗಮನಿಸಬಹುದೆಂದಿತು. 2023ರಲ್ಲಿ ಆ ಬಾಗಿಲನ್ನೂ ಬಹುಮಟ್ಟಿಗೆ ಮುಚ್ಚಿತು; ವರ್ಣದಿಂದ ತನ್ನ ಬಾಳಿಗೆ ಏನಾಯಿತೆಂದು ಅರ್ಜಿದಾರ ಬರೆದರೆ ಅದನ್ನು ಪರಿಗಣಿಸಬಹುದೆಂದು ಮಾತ್ರ ಹೇಳಿತು. ಅಲ್ಲಿ ನೆಲಸಿದ ಕನ್ನಡ ಮನೆತನಗಳ ಮಕ್ಕಳೂ ಪದವಿ ಮುಗಿಸಿ ಅರ್ಜಿ ಹಾಕುವಾಗ ಇಂಥ ಪ್ರಬಂಧ ಬರೆಯುತ್ತಾರೆ. ಇಲ್ಲಿಯೂ ವಿದ್ಯಾರ್ಥಿವೇತನ ಕೊಡುವವರು ಕೆಲವೊಮ್ಮೆ "ನಿನ್ನ ಬಗ್ಗೆ ಬರೆ" ಎನ್ನುತ್ತಾರೆ. ಆಗ ಏನು ಬರೆಯಬೇಕು?

ಪುತ್ತರಿ ಹಬ್ಬ, ಕಾಫಿ ಹೂ, ಕುಪ್ಪಸ, ಪೀಚೆಕತ್ತಿ ಎಂದು ಬರೆದರೆ ಚಂದವೇನೋ ಹೌದು. ಆದರೆ ಅದನ್ನು ಈ ಜಿಲ್ಲೆಯ ಯಾವ ಮಗುವೂ ಬರೆಯಬಹುದು. ಬೇರೊಬ್ಬರು ಸಹಿ ಹಾಕಬಹುದಾದ ಪ್ರಬಂಧ ನಮ್ಮದಲ್ಲ.

2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡಗಳು ಕುಸಿದವು. ದೂರದಲ್ಲಿ ಕುಳಿತು ಚಿತ್ರ ನೋಡಿದವರು ಆ ದುಃಖವನ್ನು ತಮ್ಮದೆಂದು ಬರೆಯಬಾರದು. ಪರಿಹಾರ ಶಿಬಿರದಲ್ಲಿ ಗಂಜಿ ಬಡಿಸಿದವರು, ವೃದ್ಧರ ಮಾತ್ರೆಗಳನ್ನು ಹುಡುಕಿ ತಂದವರು ಆ ಕೆಲಸವನ್ನೇ ಬರೆಯಲಿ.

ನಮ್ಮ ಜಿಲ್ಲೆಯಲ್ಲಿ ಕೊಡವ ಭಾಷೆ, ಅರೆಭಾಷೆ, ತುಳು, ಮಲಯಾಳ, ತಮಿಳು, ಎರವರ ನುಡಿ, ಎಲ್ಲವೂ ಒಂದೇ ಸಂತೆಯಲ್ಲಿ ಕೇಳುತ್ತವೆ. ಅಂಗಡಿಯಲ್ಲಿ ಬೆಳೆದ ಹುಡುಗಿ ನಾಲ್ಕು ಭಾಷೆ ಕಲಿತಿರುತ್ತಾಳೆ. ಆಸ್ಪತ್ರೆಯಲ್ಲಿ ಎರವರ ಅಜ್ಜಿಯ ಹೊಟ್ಟೆನೋವನ್ನು ಡಾಕ್ಟರಿಗೆ ತಿಳಿಸಿ, ಡಾಕ್ಟರ ಮಾತನ್ನು ಅಜ್ಜಿಗೆ ತಿಳಿಸಿದ್ದರೆ, ಅದೇ ವಿಷಯ. ಐದು ದಿನದ ಮಾತ್ರೆ ಬರೆದಿದ್ದರೂ ಎರಡು ದಿನದ್ದನ್ನೇ ಕೊಂಡುಹೋಗುವ ಕೂಲಿಯವನನ್ನು ಕಂಡು, ಏಕೆಂದು ಕೇಳಿದ್ದರೆ, ಅದೂ ವಿಷಯವೇ. ನೋಡಲು ಸಣ್ಣದು. ಆದರೆ ಈ ಮಗು ನಾಳೆ ರೋಗಿಯ ಬಳಿ ಹೇಗೆ ನಿಲ್ಲುತ್ತದೆಂಬುದು ಅದರಿಂದ ತಿಳಿಯುತ್ತದೆ. ಓದುವವರಿಗೆ ಬೇಕಾದುದೂ ಅದೇ.

ಇನ್ನೊಂದು ಮಾತು. ತಂದೆಯ ಕುಡಿತ, ತಾಯಿಯ ಕಾಯಿಲೆ, ಮನೆಯ ಸಾಲ ಇವನ್ನು ಬರೆಯಬಾರದೆಂದಲ್ಲ. ಅವರನ್ನು ಕೇಳಿ ಬರೆಯಬೇಕು. ಓದಿದಾಗ ಅವರು ತಲೆತಗ್ಗಿಸುವಂತಿದ್ದರೆ ಬಿಡಬೇಕು. ಬಡತನ ಮಾರಾಟದ ಸರಕಲ್ಲ. ಅಳುವಂತೆ ಬರೆದವರಿಗೇ ಸೀಟು ಎಂಬ ಪದ್ಧತಿಯೂ ನ್ಯಾಯವಲ್ಲ. ದುಡ್ಡು ಕೊಟ್ಟು ಬರೆಸಿಕೊಳ್ಳುವವನು ಅಲ್ಲಿ ಮುಂದಾಗುತ್ತಾನೆ. ಅದಕ್ಕೇ ನಾವು ಹಕ್ಕಿನ ಪ್ರಮಾಣಪತ್ರಗಳು ಅಲೆದಾಟವಿಲ್ಲದೆ ಸಕಾಲಕ್ಕೆ ಸಿಗಲೆಂದು ಒತ್ತಾಯಿಸುತ್ತೇವೆ.

ಅಲ್ಲಿಯವರೆಗೆ, ಬರೆಯಬೇಕಾದ ಮಕ್ಕಳು ತಮ್ಮ ಕೈಯಿಂದಲೇ ಬರೆಯಲಿ. ಕಳುಹಿಸುವ ಮೊದಲು ಮನೆಯವರ ಮುಂದೆ ಗಟ್ಟಿಯಾಗಿ ಓದಲಿ. ಓದು ಬಾರದ ತಾಯಿ ಕೇಳಿ "ಹೌದು, ನಡೆದದ್ದು ಹೀಗೆಯೇ" ಎಂದರೆ ಪ್ರಬಂಧ ಸಿದ್ಧವಾಯಿತೆಂದು ತಿಳಿಯೋಣ.