ಚಕ್ಕೋತದ ಕಹಿಯೊಳಗಿದ್ದ ಸಿಹಿ



ಈ ವಿಜ್ಞಾನ ವಸ್ತುಪ್ರದರ್ಶನಕ್ಕೆ ಬಂದ ನನ್ನ ಕೈಗೆ ಹಾರದ ಬದಲು ದೇವನಹಳ್ಳಿಯ ಚಕ್ಕೋತ ಕೊಟ್ಟಿರಿ. ಬಹಳ ಸಂತೋಷ. ತೊಳೆ ಬಿಡಿಸುವಾಗ ಬಿಳಿ ಪೊರೆ ನಾಲಿಗೆಗೆ ತಗುಲಿದರೆ ಮುಖ ಕಿವುಚುತ್ತೇವಲ್ಲ, ಆ ಕಹಿಗೆ ಕಾರಣ ನಾರಿಂಜಿನ್ ಎಂಬ ವಸ್ತು. ಸೆವಿಲ್‌ನ ಕಹಿಕಿತ್ತಳೆಯ ಸಿಪ್ಪೆಯಲ್ಲಿ ಅದರ ಒಡಹುಟ್ಟಿನಂಥ ನಿಯೋಹೆಸ್ಪೆರಿಡಿನ್ ಇದೆ.

1960ರ ದಶಕದ ಆರಂಭದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಅಮೆರಿಕದ ಕೃಷಿ ಇಲಾಖೆಯ ಹೊರೊವಿಟ್ಜ್ ಮತ್ತು ಜೆಂಟಿಲಿ ಎಂಬ ಇಬ್ಬರು ಈ ಕಹಿಯ ಮೂಲ ಹುಡುಕುತ್ತಿದ್ದರು. ಸಿಹಿ ಅವರಿಗೆ ಬೇಕಾಗಿರಲೇ ಇಲ್ಲ. ನಿಯೋಹೆಸ್ಪೆರಿಡಿನ್ ಅನ್ನು ಕ್ಷಾರದಲ್ಲಿ ಇಟ್ಟಾಗ ಅಣುವಿನ ಒಂದು ಉಂಗುರ ಬಿಚ್ಚಿಕೊಂಡಿತು. ಅದಕ್ಕೆ ಹೈಡ್ರೋಜನ್ ಸೇರಿಸಿದರು. ಕಹಿ ಹೋಗಿ, ತೂಕಕ್ಕೆ ತೂಕ ಸಕ್ಕರೆಗಿಂತ ನೂರಾರು ಪಟ್ಟು ಸಿಹಿಯಾದ ವಸ್ತು ಉಳಿಯಿತು! ಅದೇ ನಿಯೋಹೆಸ್ಪೆರಿಡಿನ್ ಡೈಹೈಡ್ರೋಚಾಲ್ಕೋನ್. ಹೆಸರು ಉದ್ದ, ಬೇಕಾಗುವುದು ಚಿಟಿಕೆಗಿಂತಲೂ ಕಡಿಮೆ. ನಾರಿಂಜಿನ್‌ಗೂ ಹೀಗೇ ಮಾಡಿದರೆ ಅದೂ ಸಿಹಿಯಾಗುತ್ತದೆ.

ನನ್ನನ್ನು ಇವತ್ತಿಗೂ ಬೆರಗುಗೊಳಿಸುವುದು ಇನ್ನೊಂದು ಸಂಗತಿ. ಮಾಮೂಲಿ ಕಿತ್ತಳೆಯಲ್ಲಿರುವ ಹೆಸ್ಪೆರಿಡಿನ್‌ನಲ್ಲೂ ಕಹಿಕಿತ್ತಳೆಯ ನಿಯೋಹೆಸ್ಪೆರಿಡಿನ್‌ನಲ್ಲೂ ಇರುವ ಪರಮಾಣುಗಳು ಅವೇ, ಅಷ್ಟೇ. ಎರಡು ಸಕ್ಕರೆ ತುಣುಕುಗಳು ಒಂದಕ್ಕೊಂದು ಅಂಟಿಕೊಂಡ ಜಾಗ ಮಾತ್ರ ಬೇರೆ. ಅಷ್ಟಕ್ಕೇ ಒಂದಕ್ಕೆ ರುಚಿಯೇ ಇಲ್ಲ, ಇನ್ನೊಂದು ಕಹಿ. ನಾಲಿಗೆ ಎಷ್ಟು ಸೂಕ್ಷ್ಮವಾದ ಉಪಕರಣ ನೋಡಿ.

ನಿಯೋಹೆಸ್ಪೆರಿಡಿನ್ ಡೈಹೈಡ್ರೋಚಾಲ್ಕೋನ್‌ನ ಸಿಹಿ ಸಕ್ಕರೆಯಂತೆ ಥಟ್ಟನೆ ತಿಳಿಯುವುದಿಲ್ಲ. ತಡವಾಗಿ ಬರುತ್ತದೆ, ಬಂದ ಮೇಲೆ ಬೇಗ ಹೋಗುವುದಿಲ್ಲ, ಕೊನೆಗೆ ಜೇಷ್ಠಮಧು ಜಗಿದ ಹಾಗೆ ಬಾಯಲ್ಲಿ ನಿಲ್ಲುತ್ತದೆ. ಹಾಗಾಗಿ ಒಂಟಿಯಾಗಿ ಬಳಸುವುದು ಕಡಿಮೆ. ಬೇರೆ ಸಿಹಿಕಾರಕಗಳ ಜೊತೆ ಬೆರೆಸುತ್ತಾರೆ. ಯೂರೋಪಿನಲ್ಲಿ 1994ರಲ್ಲಿ ಅನುಮತಿ ಸಿಕ್ಕಿತು, ಪೊಟ್ಟಣದ ಮೇಲೆ ಇ-959 ಎಂದಿರುತ್ತದೆ. ಔಷಧಗಳ ಕಹಿ ಮರೆಸಲೂ ಇದು ಒದಗುತ್ತದೆ. ಕಹಿಯಿಂದ ಹುಟ್ಟಿದ್ದು ಕಹಿಯನ್ನೇ ಅಡಗಿಸುತ್ತದೆ ಎಂಬುದು ನನಗೆ ತುಂಬ ಇಷ್ಟವಾದ ಮಾತು.

ಮಕ್ಕಳೆ, ಪ್ರಯೋಗಾಲಯದ ಯಾವ ವಸ್ತುವನ್ನೂ ನಾಲಿಗೆಗೆ ಇಡಬೇಡಿ. ಈ ಹಣ್ಣು ಮಾತ್ರ ನಮ್ಮೆಲ್ಲರದು. ಯಾರಾದರೂ ಒಂದು ಚಾಕು ತನ್ನಿ. ಟೇಪು ಕತ್ತರಿಸುವ ಬದಲು ಚಕ್ಕೋತ ಹೆಚ್ಚಿ ಪ್ರದರ್ಶನ ಶುರುಮಾಡೋಣ. ಮೊದಲು ಬಿಳಿ ಪೊರೆ, ಆಮೇಲೆ ತೊಳೆ.