ಭಾನುವಾರದ ಫೋಟೊ ಅವರದ್ದು, ಸೋಮವಾರದ ಫೋಟೊ ನಮ್ಮದು

ಇವತ್ತಿನ ಎಪಿಸೋಡ್ ಫ್ರೀಲ್ಯಾನ್ಸ್ ಫೋಟೊಗ್ರಾಫರ್‌ಗಳ ಬಗ್ಗೆ. ಯಾವ ಕ್ಯಾಮೆರಾ ತಗೋಬೇಕು, ಯಾವ ಲೆನ್ಸ್ ಒಳ್ಳೇದು ಅನ್ನೋ ಮಾತು ಇಲ್ಲಿಲ್ಲ. ಅದಕ್ಕೆ ಯೂಟ್ಯೂಬ್ ಇದೆ. ನಾನು ಬಿಕಾಂ ಓದಿದ್ದು, ಹಾಗಾಗಿ ಎರಡೇ ಪ್ರಶ್ನೆ: ದುಡ್ಡು ಎಲ್ಲಿಂದ ಬರುತ್ತೆ? ತೆಗೆದ ಫೋಟೊ ಕೊನೆಗೆ ಯಾರ ಆಸ್ತಿ?

ನನಗೆ ಗೊತ್ತಿರೋ ಒಬ್ಬ ಫೋಟೊಗ್ರಾಫರ್ ಬೆಂಗಳೂರಲ್ಲಿದ್ದಾಳೆ. ಹೆಸರು ಬೇಡ ಅಂದಿದ್ದಾಳೆ. ಅವಳ ಒಂದು ವಾರ ಹೀಗಿರುತ್ತೆ. ಭಾನುವಾರ ಮದುವೆ. ಮಂಗಳವಾರ ಹೋಟೆಲ್ ಮೆನುಗೆ ಬಿಸಿಬೇಳೆಬಾತ್, ಅದೂ ಹಬೆ ಆಡುವಾಗಲೇ. ಬುಧವಾರ ಅಪಾರ್ಟ್‌ಮೆಂಟ್ ಮಾರೋರಿಗೆ ಖಾಲಿ ಫ್ಲಾಟು. ಶುಕ್ರವಾರ ಸ್ಕೂಲ್ ಡೇ. ನಡುವೆ ಆನ್‌ಲೈನ್‌ನಲ್ಲಿ ಚಪ್ಪಲಿ ಮಾರೋರು ಕರೆದರೆ ಬಿಳಿ ಬೋರ್ಡಿನ ಮುಂದೆ ಚಪ್ಪಲಿ. ಕೇಳಿದವರಿಗೆ "ನಾನು ಎಲ್ಲಾ ತೆಗೀತೀನಿ" ಅಂತಾಳೆ. ಅದರಲ್ಲಿ ಬೇಜಾರೂ ಇಲ್ಲ, ಜಂಬವೂ ಇಲ್ಲ.

ಇದರ ಜೊತೆಗೆ ಅವಳದೇ ಒಂದು ಕೆಲಸ ಇದೆ. ಸಣ್ಣ ಊರುಗಳ ಹಳೇ ಟಾಕೀಸಿನ ಪ್ರೊಜೆಕ್ಟರ್ ರೂಮು, ಅಲ್ಲಿ ರೀಲು ಓಡಿಸ್ತಿದ್ದ ಆಪರೇಟರ್‌ಗಳು. ಸಿನಿಮಾ ಡಿಜಿಟಲ್ ಆದಮೇಲೆ ರೀಲು ಡಬ್ಬ ಬರೋದು ನಿಂತೋಯ್ತು. ಕಾರ್ಬನ್ ಕಡ್ಡಿಯ ಬೆಳಕಲ್ಲಿ ಪಿಕ್ಚರ್ ತೋರಿಸಿದ ಕೈಗಳಿಗೆ ಈಗ ವಯಸ್ಸಾಗಿದೆ. ಆ ರೂಮುಗಳೂ ಒಂದೊಂದಾಗಿ ಗೋಡೌನ್ ಆಗ್ತಿವೆ, ಇಲ್ಲಾ ನೆಲಸಮ ಆಗ್ತಿವೆ. ಇದನ್ನ ತೆಗಿ ಅಂತ ಅವಳಿಗೆ ಯಾರೂ ಹೇಳಿಲ್ಲ, ಯಾರೂ ದುಡ್ಡೂ ಕೊಟ್ಟಿಲ್ಲ.

"ಹೊಟ್ಟೆಪಾಡಿಗೆ ಒಂದು, ಮನಸ್ಸಿಗೆ ಒಂದು" ಅಂತ ನಾವು ಇದನ್ನ ಸುಲಭವಾಗಿ ಎರಡು ಡಬ್ಬಕ್ಕೆ ಹಾಕಿಬಿಡ್ತೀವಿ. ಲೆಕ್ಕ ಬಿಡಿಸಿದರೆ ಹಾಗಿಲ್ಲ.

ಉದಾಹರಣೆಗೆ ಒಂದು ಮದುವೆಗೆ 25,000 ರೂಪಾಯಿ ಅಂದ್ಕೊಳ್ಳಿ. ಅಸಿಸ್ಟೆಂಟ್‌ಗೆ 4,000, ಓಡಾಟಕ್ಕೆ 2,000. ಉಳಿದದ್ದು 19,000. ಕ್ಯಾಮೆರಾ ಎರಡು ಲಕ್ಷದ್ದು, ನಾಲ್ಕು ವರ್ಷ ಬಾಳುತ್ತೆ, ವರ್ಷಕ್ಕೆ 40 ಶೂಟ್ ಅಂದರೆ ಪ್ರತಿ ಶೂಟಿಗೆ 1,250 ರೂಪಾಯಿ ಸವೆತ. ನಾವು ಕಾಲೇಜಲ್ಲಿ ಬಾಯಿಪಾಠ ಮಾಡಿದ ಡಿಪ್ರಿಸಿಯೇಶನ್ ಇದೇ. ಈಗ ಉಳಿದದ್ದು 17,750. ಶೂಟ್ ಒಂದು ದಿನ, ಮಾತುಕತೆ ಒಂದು ದಿನ, ಎಡಿಟಿಂಗ್ ಮೂರು ದಿನ. ಐದು ದಿನಕ್ಕೆ ಭಾಗಿಸಿ: ದಿನಕ್ಕೆ 3,550. "ಒಂದೇ ದಿನಕ್ಕೆ ಇಪ್ಪತ್ತೈದು ಸಾವಿರಾನಾ!" ಅನ್ನೋ ಸೋದರಮಾವಂದಿರಿಗೆ ಈ ಭಾಗ ಕೇಳಿಸಿ.

ಸೀಸನ್ ಅನ್ನೋದೂ ಇದೆ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಆ ಖಾಲಿ ವಾರಗಳಲ್ಲೇ ಅವಳು ಟಾಕೀಸು ಹುಡುಕಿಕೊಂಡು ಹೋಗೋದು. ಪ್ರತಿ ಬಿಲ್ಲಿಂದ ಸಾವಿರ ರೂಪಾಯಿ ಬೇರೆ ಅಕೌಂಟಿಗೆ ಹಾಕ್ತಾಳೆ. 40 ಬಿಲ್ಲಿಗೆ 40,000. ಬಸ್ಸು, ಲಾಡ್ಜು, ಊಟ ಸೇರಿ ಒಂದು ತಿರುಗಾಟಕ್ಕೆ 4,000 ಅಂದರೆ ವರ್ಷಕ್ಕೆ ಹತ್ತು ತಿರುಗಾಟ. ಅಂದರೆ ಆಪರೇಟರ್‌ಗಳ ಫೋಟೊಗೆ ಬಂಡವಾಳ ಹಾಕ್ತಿರೋದು ಬಿಸಿಬೇಳೆಬಾತು!

ಇದು ಹೊಸ ದಾರಿಯೇನಲ್ಲ. ಬ್ರೆಜಿಲ್‌ನ ಸೆಬಾಸ್ಟಿಯಾವೊ ಸಾಲ್ಗಾಡೊ ಹೆಸರು ಕೇಳಿರಬಹುದು, 2025ರಲ್ಲಿ ತೀರಿಕೊಂಡರು. ಅವರು ಓದಿದ್ದು ಅರ್ಥಶಾಸ್ತ್ರ, ಕೆಲಸ ಇದ್ದದ್ದು ಲಂಡನ್ನಿನ ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ. 1973ರಲ್ಲಿ ಅದನ್ನ ಬಿಟ್ಟು ಕ್ಯಾಮೆರಾ ಹಿಡಿದರು. 1981ರ ಮಾರ್ಚ್ 30ರಂದು ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿದಾಗ, ರೇಗನ್ ಬಗ್ಗೆ ಒಂದು ಅಸೈನ್‌ಮೆಂಟ್ ಮೇಲೆ ಹೋಗಿದ್ದ ಸಾಲ್ಗಾಡೊ ಅಲ್ಲೇ ಇದ್ದರು. ಆ ಫೋಟೊಗಳು ಬೇರೆ ಬೇರೆ ಪತ್ರಿಕೆಗಳಿಗೆ ಮಾರಾಟವಾದವು. ಬಂದ ದುಡ್ಡಲ್ಲಿ ಅವರು ತಮ್ಮದೇ ಕೆಲಸಕ್ಕೆ ಆಫ್ರಿಕಾಗೆ ಹೋದರು. ಕೈಯಿಂದ ದುಡಿಯೋ ಜನರ ಬಗ್ಗೆ ವರ್ಷಗಟ್ಟಲೆ ತಿರುಗಿ ಮಾಡಿದ 'ವರ್ಕರ್ಸ್' ಪುಸ್ತಕ ಬಂದದ್ದು 1993ರಲ್ಲಿ.

ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಅಸೈನ್‌ಮೆಂಟ್ ಮೇಲೆ ಹೋದವರು ಆ ಫೋಟೊಗಳನ್ನ ಬೇರೆಯವರಿಗೆ ಹೇಗೆ ಮಾರಿದರು? ಅವರು ಆಗ ಮ್ಯಾಗ್ನಮ್ ಅನ್ನೋ ಸಂಸ್ಥೆಯಲ್ಲಿದ್ದರು. 1947ರಲ್ಲಿ ರಾಬರ್ಟ್ ಕಾಪಾ, ಹೆನ್ರಿ ಕಾರ್ಟಿಯೆ ಬ್ರೆಸೊನ್ ಮತ್ತು ಕೆಲವು ಗೆಳೆಯರು ಸೇರಿ ಕಟ್ಟಿದ್ದು. ಅದರ ಮುಖ್ಯ ತತ್ವವೇ ಇದು: ಮ್ಯಾಗಜೀನ್ ದುಡ್ಡು ಕೊಟ್ಟು ಫೋಟೊ ಬಳಸಲಿ, ಹಕ್ಕು ಮಾತ್ರ ತೆಗೆದವರ ಹತ್ತಿರವೇ ಇರಲಿ.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರದ್ದೂ ಇಂಥದೇ ಬಗೆಬಗೆಯ ಬದುಕು. 1923ರಲ್ಲಿ ಹುಟ್ಟಿ 2009ರವರೆಗೆ ಬದುಕಿದ್ದ ಅವರು ಪತ್ರಿಕೆಯ ನೌಕರಿ ಬಿಟ್ಟು ಫ್ರೀಲ್ಯಾನ್ಸರ್ ಆದವರು. 'ಲೈಫ್'ನಂಥ ಪತ್ರಿಕೆಗಳಿಗೂ ತೆಗೆದರು, ಯುನಿಸೆಫ್‌ಗೂ ತೆಗೆದರು. 1979, ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ಅವರು ತೆಗೆದ ಮಕ್ಕಳ ಫೋಟೊಗಳು ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಇವತ್ತು ಸತ್ಯನ್ ಅಂದ ತಕ್ಷಣ ನೆನಪಾಗೋದು ಮಕ್ಕಳು, ಸಾಮಾನ್ಯ ಜನರ ದಿನನಿತ್ಯದ ಬದುಕು. ಯಾವ ತಿಂಗಳು ಯಾವ ಚೆಕ್ ಬಂತು ಅನ್ನೋದಲ್ಲ.

ಈಗ ನಮ್ಮ ಕಾನೂನಿಗೆ ಬರೋಣ. ಇಲ್ಲಿ ಸ್ವಲ್ಪ ಕಿವಿಗೊಡಿ.

ಒಂದು ಒಡವೆ ಅಂಗಡಿಯವರು ಈ ಗೆಳತಿಯ ಹತ್ತಿರ ಸೋಶಿಯಲ್ ಮೀಡಿಯಾಗೆ ಅಂತ ಫೋಟೊ ತೆಗೆಸಿದರು. 12,000 ರೂಪಾಯಿ ಬಿಲ್, ಮಾತಲ್ಲೇ ಒಪ್ಪಂದ. ಆರು ತಿಂಗಳ ನಂತರ ಅದೇ ಫೋಟೊ ರಸ್ತೆ ಬದಿಯ ದೊಡ್ಡ ಹೋರ್ಡಿಂಗ್‌ನಲ್ಲಿ. ಇವಳಿಗೆ ಒಂದು ಫೋನೂ ಇಲ್ಲ, ಒಂದು ರೂಪಾಯಿಯೂ ಇಲ್ಲ. "ನಾನು ಅವರ ನೌಕರಳಲ್ಲ, ಫೋಟೊ ನನ್ನದು" ಅಂತ ಜಗಳಕ್ಕೆ ಹೋದಳು. ಅವರು ಒಬ್ಬ ವಕೀಲರನ್ನ ಮುಂದಿಟ್ಟರು. ವಕೀಲರು ಹೇಳಿದ್ದು ಸರಿಯಾಗೇ ಇತ್ತು.

1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17 ಹೀಗೆ ಹೇಳುತ್ತೆ: ಯಾರಾದರೂ ಹೇಳಿ, ದುಡ್ಡು ಕೊಟ್ಟು ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದರ ಮೊದಲ ಮಾಲೀಕರು ತೆಗೆಸಿದವರೇ. ಒಬ್ಬ ಫ್ರೀಲ್ಯಾನ್ಸ್ ಬರಹಗಾರ ದುಡ್ಡಿಗೆ ಲೇಖನ ಬರೆದರೆ, ಬರೆದುಕೊಡದ ಹೊರತು ಹಕ್ಕು ಅವನದ್ದೇ. ಫೋಟೊಗೆ ಮಾತ್ರ ಉಲ್ಟಾ! ಬೇರೆ ಒಪ್ಪಂದ ಮಾಡಿಕೊಂಡರೆ ಮಾತ್ರ ಹಕ್ಕು ತೆಗೆದವರಿಗೆ ಉಳಿಯುತ್ತೆ.

ಅಂದರೆ ನೋಡಿ, ಅದೇ ಕ್ಯಾಮೆರಾ, ಅದೇ ಕಣ್ಣು. ಭಾನುವಾರ ಮದುವೆಮನೆಯಲ್ಲಿ ತೆಗೆದ ಫೋಟೊ ಅವರದ್ದು. ಸೋಮವಾರ ಯಾರೂ ಕರೆಯದೆ ಹೋಗಿ ಪ್ರೊಜೆಕ್ಟರ್ ರೂಮಲ್ಲಿ ತೆಗೆದದ್ದು ಅವಳದ್ದು. ಅದೂ ಎಷ್ಟು ಕಾಲ? 2012ರ ತಿದ್ದುಪಡಿ ಆದಮೇಲೆ, ತೆಗೆದವರ ಜೀವಮಾನ ಪೂರ್ತಿ, ಆಮೇಲೆ ಇನ್ನೂ 60 ವರ್ಷ. ಕಾಮರ್ಸ್ ಭಾಷೆಯಲ್ಲಿ ಹೇಳಬೇಕು ಅಂದ್ರೆ ಭಾನುವಾರದ್ದು ಆದಾಯ, ಸೋಮವಾರದ್ದು ಆಸ್ತಿ. ಪರ್ಸನಲ್ ಪ್ರಾಜೆಕ್ಟ್ ಅಂದರೆ ಬಿಡುವಿನ ಹವ್ಯಾಸ ಅಂತ ನಾವು ಅಂದ್ಕೊಂಡಿದ್ದೀವಿ. ಆದರೆ ಏನೂ ಬರೆದುಕೊಳ್ಳದೆ ದುಡಿಯೋ ಫೋಟೊಗ್ರಾಫರ್‌ಗೆ ಕಾನೂನಿನ ಪ್ರಕಾರ ತನ್ನದು ಅಂತ ಉಳಿಯೋದು ಅದೊಂದೇ.

ಹಾಗಂತ ಭಾನುವಾರದ್ದನ್ನೆಲ್ಲಾ ಬಿಟ್ಟುಕೊಡಬೇಕು ಅಂತಿಲ್ಲ. ಕೆಲಸ ಶುರು ಮಾಡೋ ಮೊದಲೇ ಒಂದು ಹಾಳೆ, ಅದರಲ್ಲಿ ನಾಲ್ಕು ವಿಷಯ, ಕೆಳಗೆ ಇಬ್ಬರದೂ ಸಹಿ. ಒಂದು, ಹಕ್ಕು ಯಾರದ್ದು. ಎರಡು, ಎಲ್ಲೆಲ್ಲಿ ಬಳಸಬಹುದು: ಇನ್‌ಸ್ಟಾಗ್ರಾಮ್ ಬೇರೆ, ಹೋರ್ಡಿಂಗ್ ಬೇರೆ. ಮೂರು, ಎಷ್ಟು ಕಾಲ. ಹಕ್ಕು ಬರೆದುಕೊಟ್ಟು ಅವಧಿ ನಮೂದಿಸದೇ ಇದ್ದರೆ ಕಾನೂನು ಅದನ್ನ ಐದು ವರ್ಷ ಅಂತ ಓದಿಕೊಳ್ಳುತ್ತೆ. ನಾಲ್ಕು, ಹೆಸರು ಹಾಕೋದು. ಹಕ್ಕು ಮಾರಿದ ಮೇಲೂ "ಇದು ನಾನು ತೆಗೆದದ್ದು" ಅಂತ ಹೇಳಿಕೊಳ್ಳೋ ಅಧಿಕಾರ ಸೆಕ್ಷನ್ 57ರಲ್ಲಿ ನಿಮಗಿದೆ. ಇನ್ನೊಂದು ಮಾತು: ಹಕ್ಕು ನಿಮ್ಮದೇ ಆದರೂ ಮದುಮಗಳ ಮುಖವನ್ನ ನಿಮ್ಮ ಪೇಜಲ್ಲಿ ಹಾಕೋ ಮೊದಲು ಅವರನ್ನ ಕೇಳಿ. ಅದು ಅವರ ಮನೆಯ ಕಾರ್ಯ.

ಈ ಹಾಳೆ ಮುಂದಿಟ್ಟಾಗ ಒಬ್ಬ ಕ್ಲೈಂಟ್ ಎದ್ದು ಹೋದರಂತೆ. "ಫೋಟೊಗೆಲ್ಲಾ ಅಗ್ರಿಮೆಂಟಾ?" ಅಂತ. ಇನ್ನೊಬ್ಬರು ಓದಿ, ಹೋರ್ಡಿಂಗ್‌ಗೂ ಬೇಕು ಅಂತ ಮೊದಲೇ ಹೇಳಿ, ಜಾಸ್ತಿ ಕೊಟ್ಟರು. ಹೋದ ಕೆಲಸದ ನಷ್ಟ ನಿಜವೇ. ಆ ತಿಂಗಳು ಅವಳು ಬಾಡಿಗೆ ಕಟ್ಟಿದ್ದು ಲೇಟಾಗಿ. ಹಾಗಾಗಿ "ನಿಮ್ಮ ಬೆಲೆ ನೀವು ತಿಳ್ಕೊಳ್ಳಿ, ಎಲ್ಲಾ ಸರಿಹೋಗುತ್ತೆ" ಅಂತ ನಾನು ಹೇಳಲ್ಲ. ಹೊಸಬರಿಗೆ ಈ ಹಾಳೆ ದುಬಾರಿ. ಆದರೂ ಒಂದು ದೊಡ್ಡ ಕೆಲಸಕ್ಕಾದರೂ ಇಟ್ಟು ನೋಡಿ.

ಅವಳ ಹತ್ತಿರ ಈಗ ಹನ್ನೊಂದು ಟಾಕೀಸಿನ ಫೋಟೊ ಇದೆ. ಅದರಲ್ಲಿ ಮೂರು ಟಾಕೀಸು ಈಗಾಗಲೇ ಇಲ್ಲ. ಪುಸ್ತಕ ಆಗುತ್ತೋ ಇಲ್ವೋ ಗೊತ್ತಿಲ್ಲ. ಆದರೆ ನಾಳೆ ಯಾರಾದರೂ ಆ ರೂಮು ಹೇಗಿತ್ತು ಅಂತ ಕೇಳಿದರೆ, ತೋರಿಸೋ ಹಕ್ಕು ಅವಳದ್ದು.

ನಿಮ್ಮಲ್ಲಿ ಯಾರಾದರೂ ಕ್ಯಾಮೆರಾ ಹಿಡಿದು ದುಡೀತಿದ್ದರೆ, ನಿಮ್ಮ ಸೋಮವಾರದ ಕೆಲಸ ಏನು ಅಂತ ವಾಯ್ಸ್ ನೋಟ್ ಕಳಿಸಿ. ಮದುವೆ ಗೊತ್ತಾಗಿರೋ ಗೆಳೆಯರಿಗೂ ಈ ಎಪಿಸೋಡ್ ಕಳಿಸಿ, ಫೋಟೊಗ್ರಾಫರ್ ಜೊತೆ ಚೌಕಾಸಿ ಮಾಡೋ ಮೊದಲು ಕೇಳ್ಲಿ. ಮುಂದಿನ ವಾರ ಸಿಗೋಣ.